ಗಿರಣಿಯಿಂದ ಬಂದ ಸೋಫಾ

ಬೀದಿಯವರೆಲ್ಲ ಅವನನ್ನು ದಬ್ಬಳ ಎಂದೇ ಕರೆಯುತ್ತಿದ್ದರು. ಉದ್ದನೆಯ ಸಣಕಲು ಆಳು, ನಡೆಯುವಾಗ ತಲೆ ಮೈಗಿಂತ ಒಂದು ಹೆಜ್ಜೆ ಮುಂದೆ. ಸಾಲದ್ದಕ್ಕೆ ಮೂರು ಹೊತ್ತೂ ಕೈಯಲ್ಲಿ ಗೇಣುದ್ದದ ಉಕ್ಕಿನ ದಬ್ಬಳ, ಅದರ ಹಿಂದೆ ಬಾಲದ ಹಾಗೆ ನೈಲಾನ್ ದಾರ. ಸೋಫಾ, ಕುರ್ಚಿ, ಬಸ್ಸಿನ ಸೀಟು, ಹಲ್ಲಿನ ಡಾಕ್ಟರ ಒರಗು ಕುರ್ಚಿ, ಒಟ್ಟಿನಲ್ಲಿ ಜನ ಕೂತು ಕೂತು ಹಾಳು ಮಾಡಿದ್ದೆಲ್ಲ ಕೊನೆಗೆ ಅವನ ಅಂಗಡಿಗೆ ಬರುತ್ತಿತ್ತು. ಅಂಗಡಿಯ ಮುಂಭಾಗದಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಹಿಂದೆ ಸ್ಪ್ರಿಂಗುಗಳ ರಾಶಿ, ಫೋಮಿನ ಹಾಳೆಗಳು, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ಎಲ್ಲಕ್ಕೂ ಅಂಟಿಕೊಂಡ ಗೋಂದಿನ ವಾಸನೆ. ಇದರ ನಡುವೆಯೇ ಗಂಡ ಹೆಂಡತಿ ಜಗಳವಾಡುತ್ತ, ನಗುತ್ತ, ಮತ್ತೆ ಜಗಳವಾಡುತ್ತ ಒಬ್ಬ ಮಗಳನ್ನು ಓದಿಸಿ, ಮದುವೆ ಮಾಡಿ ಕಳಿಸಿದ್ದರು.

ಸೋಫಾಗಳ ಹೊಟ್ಟೆಯಲ್ಲಿ ಏನೇನಿರುತ್ತದೆ ಎಂಬುದು ಅವನಿಗೆ ಹೊಸದಲ್ಲ. ಬಾಚಣಿಗೆ, ಪೆನ್ನು, ಒಂಟಿ ಓಲೆ, ಮುರಿದ ಕನ್ನಡಕ, ಒಂದು ಸಲ ಒಂದು ಪೂರ್ತಿ ಜೊತೆ ಕಟ್ಟುಹಲ್ಲು. ಸಿಕ್ಕಿದ್ದನ್ನೆಲ್ಲ ಅದೇ ಸೋಫಾದ ಹಳೆಯ ಬಟ್ಟೆಯಲ್ಲಿ ಚೀಲ ಹೊಲಿದು, ಅದರಲ್ಲಿ ತುಂಬಿ, ಸೋಫಾದ ಜೊತೆಗೇ ವಾಪಸ್ಸು ಕೊಡುವುದು ಅವನ ಪದ್ಧತಿ. ಕಟ್ಟುಹಲ್ಲಿನ ಮನೆಯವರು ಮಾತ್ರ ಅದು ತಮ್ಮದಲ್ಲವೇ ಅಲ್ಲ ಎಂದು ಕೊನೆಯವರೆಗೂ ಸಾಧಿಸಿದರು. ಹೇಳಿದವರ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದನ್ನು ಯಾರೂ ನಂಬುವುದಿಲ್ಲ. ಹೆದರಿಕೆಯಾದಾಗ ಬೇರೆಯವರ ಕೈ ನಡುಗುತ್ತದೆ. ದಬ್ಬಳನ ಕೈ ಹೊಲಿಯುತ್ತದೆ. ಹೆಂಡತಿಯನ್ನು ಹೆರಿಗೆಗೆ ಒಳಗೆ ಕರೆದುಕೊಂಡು ಹೋದ ದಿನ ಅವನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಬೆಂಚಿನ ರೆಕ್ಸಿನ್ ಹರಿದಿತ್ತು. ಮಗಳು ಹುಟ್ಟಿದಳೆಂದು ನರ್ಸ್ ಬಂದು ಹೇಳುವಷ್ಟರಲ್ಲಿ ಆ ಬೆಂಚು ಹೊಸದರ ಹಾಗೆ ಆಗಿತ್ತು, ಪಕ್ಕದಲ್ಲಿ ತೂಕಡಿಸುತ್ತಿದ್ದ ಮುದುಕರೊಬ್ಬರ ಶಾಲಿನ ಅಂಚೂ ಅದರೊಳಗೆ ಸೇರಿಹೋಗಿತ್ತು. ತಲೆಗೆ ಗೊತ್ತಿಲ್ಲದೆ ಕೈ ಮಾಡುವ ಕೆಲಸ ಅದು. ಬೈದರೆ ಅವನೇ ಕೈ ನೋಡಿಕೊಂಡು, ಇದು ಯಾವಾಗ ಆಯಿತು ಎಂದು ಕೇಳುತ್ತಿದ್ದ.

ಅವನ ಅಕ್ಕನ ಗಂಡ, ಅಂದರೆ ಭಾವ, ಊರ ಹೊರಗಿನ ಬಟ್ಟೆ ಗಿರಣಿಯಲ್ಲಿ ರಾತ್ರಿ ಪಾಳಿಯ ಕಾವಲುಗಾರರಾಗಿದ್ದವರು. ಒಳ್ಳೆಯ ಮೈಕಟ್ಟು, ದಪ್ಪ ಮೀಸೆ, ಇಸ್ತ್ರಿ ಮಾಡಿದ ಸಮವಸ್ತ್ರ. ಗಿರಣಿಗೆ ಸೇರಿದ ಒಂದು ರಿವಾಲ್ವರನ್ನು ಪಾಳಿಗೆ ಬರುವಾಗ ಕೊಡುತ್ತಿದ್ದರು, ಬೆಳಿಗ್ಗೆ ಹೋಗುವಾಗ ಗುಂಡು ಎಣಿಸಿ ವಾಪಸ್ಸು ತೆಗೆದುಕೊಳ್ಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಭಾವ ಸೊಂಟದ ಚೀಲ ತೆರೆದರೆ ಅದು ಖಾಲಿಯಾಗಿತ್ತು. ಗೇಟಿನ ಗೂಡು, ಅಂಗಳ, ಚರಂಡಿ ಎಲ್ಲ ಜಾಲಾಡಿದರು. ಮನೆಗೆ ಬಂದು ಹಾಸಿಗೆ ಹರಿದು, ಹಿಟ್ಟಿನ ಡಬ್ಬಿಯನ್ನೂ ಸುರಿದು ನೋಡಿದರು. ಸಿಗಲಿಲ್ಲ. ಮಾರಿಕೊಂಡಿದ್ದಾರೆ ಎಂದು ಗಿರಣಿಯವರು ಹೇಳಿದರು, ಅದನ್ನು ಸಾಧಿಸಲು ಪೊಲೀಸರಿಗೆ ಆಗಲಿಲ್ಲ, ಕೇಸು ಅತ್ತ ಮುಗಿಯಲೂ ಇಲ್ಲ, ಇತ್ತ ನಡೆಯಲೂ ಇಲ್ಲ. ಕೆಲಸ ಮಾತ್ರ ಹೋಯಿತು.

ಆಮೇಲೆ ಊರಲ್ಲಿ ಎಲ್ಲಾದರೂ ಲಾರಿಯ ಟೈರು ಸಿಡಿದರೂ ಭಾವನಿಗೆ ಠಾಣೆಯಿಂದ ಕರೆ ಬರುತ್ತಿತ್ತು. ಹೋಗಿ ಬೆಂಚಿನ ಮೇಲೆ ಕೂತು, ಕೇಳಿದ್ದಕ್ಕೆಲ್ಲ ಹೇಳಿದ್ದನ್ನೇ ಹೇಳಿ ಬರುತ್ತಿದ್ದರು. ಕಾವಲಿನ ಕೆಲಸ ಯಾರೂ ಕೊಡಲಿಲ್ಲ. ಗುಜರಿ ಅಂಗಡಿಯಲ್ಲಿ ಬಾಟಲಿ ವಿಂಗಡಿಸುವ ಕೆಲಸಕ್ಕೆ ಸೇರಿಕೊಂಡರು. ಮೀಸೆ ಬೋಳಿಸಿದರು. ಯಾರ ಮನೆಗೂ ಹೋಗುವುದನ್ನು ಬಿಟ್ಟರು, ಏಕೆಂದರೆ ಅವರು ಒಳಗೆ ಬಂದರೆ ಮನೆಯವರ ಕಣ್ಣು ಅರಿವಿಲ್ಲದೆಯೇ ಕಪಾಟಿನ ಕಡೆ ಹೋಗುತ್ತಿತ್ತು.

ಅಕ್ಕ ಮಾತ್ರ ಸುಮ್ಮನಿರುವ ಜೀವವಲ್ಲ. ಹಾಲಿನ ಅಂಗಡಿಯ ಮುಂದೆ, ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಯಾರಾದರೂ ಹಿಂದಿನಿಂದ ಒಂದು ಮಾತು ಗುನುಗಿದರೂ ತಿರುಗಿ ನಿಂತು ನೀರಿಳಿಸಿಬಿಡುತ್ತಿದ್ದಳು. ನನ್ನ ಗಂಡ ರಾತ್ರಿಯಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗೇಟಲ್ಲಿ ನಿಂತಿದ್ದವರು, ಒಂದು ದಿನ ಎವೆ ಮುಚ್ಚಿದವರಲ್ಲ, ಯಾರೋ ಒಳಗಿನವರೇ ಕದ್ದು ಇವರ ತಲೆಗೆ ಕಟ್ಟಿದ್ದಾರೆ, ಎಂಬುದು ಅವಳ ವಾದ. ದಬ್ಬಳ ತಲೆ ಆಡಿಸುತ್ತಿದ್ದ. ಭಾವನನ್ನು ನೇರವಾಗಿ ಅವನು ಒಂದು ದಿನವೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಏನು ಬರುತ್ತದೋ ಎಂಬ ಭಯ.

ಗಿರಣಿಯ ಕೆಲಸ ಹಿಡಿಯಬಾರದೆಂದು ಅಕ್ಕ ಅವನಿಂದ ಮಾತು ತೆಗೆದುಕೊಂಡಿದ್ದಳು. ಅವನೂ ಉಳಿಸಿಕೊಂಡು ಬಂದಿದ್ದ. ಆದರೆ ಗಿರಣಿಗೆ ಹೊಸದಾಗಿ ಬಂದ ಉಗ್ರಾಣದ ಗುಮಾಸ್ತನಿಗೆ ಈ ಹಳೆಯ ಕತೆಯೂ ಗೊತ್ತಿಲ್ಲ, ಈ ನೆಂಟಸ್ತನವೂ ಗೊತ್ತಿಲ್ಲ. ಅವನು ಒಂದು ದಿನ ಕೇಳದೆ ಮಾಡದೆ ಟೆಂಪೋದಲ್ಲಿ ಮೂರಾಳು ಕೂರುವ ಹಳೆಯ ಸೋಫಾ ಕಳಿಸಿಬಿಟ್ಟ. ಗಿರಣಿಗೆ ಬರುವವರನ್ನು ಕಾಯಿಸುವ ಕೋಣೆಯಲ್ಲಿದ್ದದ್ದು. ಕಂದು ರೆಕ್ಸಿನ್, ಭಾರವಾದ ಮರದ ಚೌಕಟ್ಟು, ಒಂದು ಮೂಲೆ ಕುಸಿದಿತ್ತು. ವಾಪಸ್ಸು ಕಳಿಸಬೇಕೆಂದುಕೊಂಡವನು ಚೌಕಟ್ಟನ್ನು ತಟ್ಟಿ ನೋಡಿದ. ಅಂಥ ಮರ ಈಗ ಎಲ್ಲಿ ಬರುತ್ತದೆ? ಕೈ ಸೋತಿತು. ಅಕ್ಕನಿಗೆ ಹೇಳುವುದು ಬೇಡ ಎಂದು ಹೆಂಡತಿಗೆ ಹೇಳಿದ. ಹೆಂಡತಿ, ನಾನ್ಯಾಕೆ ಹೇಳಲಿ, ಅವರೇ ಬಂದು ನೋಡ್ತಾರೆ ಬಿಡಿ, ಎಂದಳು.

ಮರುದಿನ ಬೆಳಿಗ್ಗೆ ಹೆಂಡತಿ ಗುಂಡಿ ದಾರ ತರಲು ಅಂಗಡಿ ಬೀದಿಗೆ ಹೋಗಿದ್ದಳು. ದಬ್ಬಳ ಸೋಫಾವನ್ನು ಬೋರಲು ಹಾಕಿ ತಳದ ಬಟ್ಟೆಯ ಒಂದು ಮಗ್ಗುಲನ್ನು ಬಿಚ್ಚಿದ. ತುಕ್ಕು ಹಿಡಿದ ಮೊಳೆಗಳು ಕಿತ್ತುಬಂದವು, ಮೂಗಿಗೆ ಧೂಳು ಅಡರಿತು. ಸ್ಪ್ರಿಂಗುಗಳ ಮೇಲೆ ಹಾಸಿದ ಗೋಣಿಬಟ್ಟೆ ಕುಸಿದ ಮೂಲೆಯಲ್ಲಿ ಹರಿದು ಜೋತುಬಿದ್ದಿತ್ತು, ಅದರ ಮಡಿಕೆಯಲ್ಲಿ ಏನೋ ಭಾರವಾದದ್ದು ಕೂತಿತ್ತು. ಬಾಗಿಲ ಚಿಲಕವೋ ಏನೋ ಎಂದುಕೊಂಡು ಟಾರ್ಚು ಬಿಟ್ಟ. ಮೊದಲು ಕಂಡದ್ದು ಮರದ ಹಿಡಿ. ಆಮೇಲೆ ಅದರ ಮುಂದಿನ ಉಂಗುರ. ಆಮೇಲೆ ನಳಿಗೆ.

ಯಾರದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾಲ್ಕು ವರ್ಷದಿಂದ ಊರೆಲ್ಲ ಹುಡುಕಿದ್ದು, ಭಾವನ ಮೀಸೆ, ಮಾತು, ಮಾನ ಮೂರನ್ನೂ ತಿಂದದ್ದು, ಈಗ ಅವನ ಮೂಗಿನ ತುದಿಯಲ್ಲಿ ತಣ್ಣಗೆ ಮಲಗಿತ್ತು. ಎತ್ತಿಕೊಂಡು ಹೋಗಿ ಭಾವನ ಕೈಗೆ ಕೊಡಲೇ ಎಂದುಕೊಂಡ. ಕೊಟ್ಟರೆ ಅವರೇನು ಮಾಡುತ್ತಾರೆ? ಠಾಣೆಗೆ ತೆಗೆದುಕೊಂಡು ಹೋದರೆ, ಕೊನೆಗೂ ಅಡಗಿಸಿಟ್ಟಲ್ಲಿಂದ ಹೊರಗೆ ತಂದೆಯಾ ಎನ್ನುವುದಿಲ್ಲವೇ? ಹಿಂದಿನ ಕಾಲುವೆಗೆ ಎಸೆದುಬಿಟ್ಟರೆ? ಎಸೆದರೆ ಭಾವ ಸಾಯುವವರೆಗೂ ಕಳ್ಳನೇ. ಇದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ. ತಲೆಯೊಳಗೆ ಇದೆಲ್ಲ ಗಿರ್ರೆನ್ನುತ್ತಿರುವಾಗ ಬಾಗಿಲಲ್ಲಿ ಹೆಂಡತಿಯ ಚಪ್ಪಲಿಯ ಸದ್ದು ಕೇಳಿತು. ಏಳಲು ಹೋದ, ಏಳಲಾಗಲಿಲ್ಲ. ಯಾರೋ ಸೊಂಟ ಹಿಡಿದು ಎಳೆದ ಹಾಗಾಯಿತು.

ತಗ್ಗಿ ನೋಡಿದರೆ ಬಿಚ್ಚಿದ್ದ ತಳದ ಬಟ್ಟೆ ಪೂರ್ತಿ ಹೊಲಿದಾಗಿತ್ತು. ಹತ್ತಿರ ಹತ್ತಿರದ ಗಟ್ಟಿ ಹೊಲಿಗೆ, ನೀಲಿ ನೈಲಾನ್ ದಾರ. ಅವನು ಕಟ್ಟಿಕೊಂಡಿದ್ದ ಕ್ಯಾನ್ವಾಸ್ ಏಪ್ರನ್ನಿನ ಒಂದು ಮೂಲೆಯೂ ಅದರೊಳಗೆ ಸೇರಿ, ಗಿರಣಿಯ ಸೋಫಾಕ್ಕೂ ಅವನಿಗೂ ಬಿಡಿಸಲಾಗದ ನಂಟು ಬಿದ್ದಿತ್ತು.

ಹೆಂಡತಿ ಬಂದು ನೋಡಿ ಮೊದಲು ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು. ಕತ್ತರಿ ತಂದು ಏಪ್ರನ್ನಿನ ಮೂಲೆ ಕತ್ತರಿಸಿ ಅವನನ್ನು ಬಿಡಿಸಿ, ಎದುರು ಕೂರಿಸಿಕೊಂಡು ಕೇಳಿದಳು. ಅವನು ತೊದಲುತ್ತ ಎಲ್ಲ ಹೇಳಿದ.

"ಅದನ್ನ ಮುಟ್ಟಿದ್ರಾ?" ಎಂದಳು.

"ಇಲ್ಲ. ಬೆರಳೂ ತಾಗಿಸಿಲ್ಲ."

"ಹೊಲಿದ್ರಿ, ಅಷ್ಟೇ."

"ಹೊಲಿದೆ," ಎಂದು ಅವನು ತಲೆ ತಗ್ಗಿಸಿದ.

ಅವನಿಗೆ ಒಂದೇ ದಾರಿ ಕಾಣುತ್ತಿತ್ತು: ಹೇಗೂ ಹೊಲಿದಾಗಿದೆ, ಮೇಲಿನ ರೆಕ್ಸಿನ್ ಬದಲಾಯಿಸಿ, ಏನೂ ಗೊತ್ತಿಲ್ಲದವರ ಹಾಗೆ ಗಿರಣಿಗೆ ಕಳಿಸಿಬಿಡುವುದು. ನಮಗ್ಯಾಕೆ ಉಸಾಬರಿ. ಹೆಂಡತಿ ಅದನ್ನು ಒಪ್ಪಲಿಲ್ಲ. ಒಳಗೆ ಗುಂಡು ಇದ್ದರೆ, ಅದರ ಮೇಲೆ ಯಾರೋ ಧಪ್ಪೆಂದು ಕೂತರೆ, ಏನಾದರೂ ಆದರೆ, ಆಮೇಲೆ ಜನ್ಮಪೂರ್ತಿ ನಿದ್ದೆ ಬರುತ್ತದೆಯೇ ಎಂದು ಕೇಳಿದಳು. ಅದಿರಲಿ, ಭಾವ ಅದನ್ನು ಮಾರಿಲ್ಲ ಎನ್ನುವುದಕ್ಕೆ ಈ ಲೋಕದಲ್ಲಿ ಇರುವುದು ಒಂದೇ ಸಾಕ್ಷಿ, ಅದು ಈ ಸೋಫಾದ ಹೊಟ್ಟೆಯಲ್ಲಿದೆ, ಅದನ್ನೂ ನಾವೇ ಮುಚ್ಚಿ ಕಳಿಸುವುದೇ ಎಂದಳು. ಆ ಮಾತು ಅವನಿಗೆ ನಾಟಿತು. ಭಾವನಿಗೆ ಮೊದಲು ಹೇಳೋಣ ಎಂದ. ಅದಕ್ಕೂ ಬೇಡವೆಂದಳು. ಹೇಳಿದರೆ ಅವರು ಓಡಿ ಬರುತ್ತಾರೆ, ಬಂದವರು ನೋಡದೆ ಇರುವುದಿಲ್ಲ, ನೋಡಿದವರು ಕೈಯಲ್ಲಿ ಹಿಡಿಯದೆ ಇರುವುದಿಲ್ಲ, ಹಿಡಿದರೆ ಕತೆ ಮುಗಿಯಿತು. ಮೊದಲು ಪೊಲೀಸರಿಗೆ, ಆಮೇಲೆ ಮನೆಯವರಿಗೆ.

ಫೋನು ಎತ್ತಿಕೊಂಡ ಠಾಣೆಯವರು ಎರಡೇ ಮಾತು ಹೇಳಿದರು. ಯಾರೂ ಮುಟ್ಟಬೇಡಿ. ಎಲ್ಲರೂ ಹೊರಗೆ ಬಂದು, ಬಾಗಿಲು ಹಾಕಿ, ನಾವು ಬರುವವರೆಗೆ ಯಾರನ್ನೂ ಒಳಗೆ ಬಿಡಬೇಡಿ.

ಶಟರ್ ಎಳೆದು ಗಂಡ ಹೆಂಡತಿ ಬೀದಿಯಲ್ಲಿ ನಿಂತರು. ಹಾಡಹಗಲು ದಬ್ಬಳನ ಅಂಗಡಿ ಮುಚ್ಚಿದ್ದನ್ನು ಬೀದಿ ಕಂಡದ್ದೇ ಇಲ್ಲ. ಎದುರಿನ ಸೈಕಲ್ ರಿಪೇರಿಯವನು, ಯಾರಾದರೂ ತೀರಿಕೊಂಡರೇ ಎಂದು ವಿಚಾರಿಸಿಕೊಂಡು ಹೋದ. ತಲೆದಿಂಬು ಒಯ್ಯಲು ಬಂದ ಟೀಚರಮ್ಮ ಒಳಗೆ ಹೋಗಿ ತಾನೇ ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿದರು. ಒಳಗೆ ಗೋಂದು ಚೆಲ್ಲಿದೆ, ಕಾಲಿಟ್ಟರೆ ಅಂಟಿಕೊಳ್ಳುತ್ತೀರಿ ಎಂದು ಹೆಂಡತಿ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ದಬ್ಬಳ ಬೆವರುತ್ತಿದ್ದ. ಹೆಂಡತಿ ಅವನ ಕೈಯಿಂದ ದಬ್ಬಳ ಕಿತ್ತು ತನ್ನ ಸೆರಗಿಗೆ ಸಿಕ್ಕಿಸಿಕೊಂಡಳು, ಇನ್ನೇನನ್ನು ಹೊಲಿದಾನೋ ಎಂಬ ಭಯಕ್ಕೆ.

ಜೀಪಿನಲ್ಲಿ ಬಂದ ಸಬ್ ಇನ್ಸ್‌ಪೆಕ್ಟರ್ ಒಬ್ಬ ಹೆಣ್ಣುಮಗಳು. ಸಣ್ಣ ವಯಸ್ಸು, ನಿಧಾನದ ಮಾತು, ಕಣ್ಣು ಮಾತ್ರ ಎಲ್ಲ ಕಡೆ. ಜೊತೆಗೆ ಒಬ್ಬ ಹಿರಿಯ ಪೇದೆ. ಅವನಿಗೆ ಭಾವನ ಹಳೆಯ ಕತೆಯೆಲ್ಲ ಗೊತ್ತಿತ್ತು. ಒಳಗೆ ಹೋದವಳೇ ಟಾರ್ಚು ಬಿಟ್ಟು ತಳದ ಬಟ್ಟೆ ನೋಡಿದಳು. ಬಟ್ಟೆ ಮಾಸಲು, ಮೊಳೆ ತುಕ್ಕು, ಹೊಲಿಗೆ ಮಾತ್ರ ಫಳಫಳ ಹೊಳೆಯುವ ಹೊಸ ನೀಲಿ.

"ಇದನ್ನ ಯಾವಾಗ ಹೊಲಿದಿದ್ದು?" ಎಂದು ಕೇಳಿದಳು.

"ಈಗ ಬೆಳಿಗ್ಗೆ, ಮೇಡಂ. ನೋಡಿದ ಮೇಲೆ," ಎಂದ ದಬ್ಬಳ.

"ನೋಡಿದ ಮೇಲೆ ಹೊಲಿದ್ರಾ?"

ಪೇದೆ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳ ಮುಖ ಗಂಭೀರವಾಯಿತು. ರಿವಾಲ್ವರ್ ಕಳೆದುಕೊಂಡ ಕಾವಲುಗಾರನ ಭಾವಮೈದ ನೀವೇನಾ ಎಂದು ಕೇಳಿದಳು. ಹೌದೆಂದ. ಇಷ್ಟು ವರ್ಷ ಗಿರಣಿಯ ಕೆಲಸ ಮಾಡದಿದ್ದವರು ಈಗ ಇದನ್ನೇ ಯಾಕೆ ಹಿಡಿದಿರಿ ಎಂದು ಕೇಳಿದಳು. ಮರ ಚೆನ್ನಾಗಿತ್ತು ಎಂದ. ತನ್ನ ಬಾಯಿಂದ ಬಂದ ಉತ್ತರ ತನಗೇ ಕಳ್ಳನ ಉತ್ತರದ ಹಾಗೆ ಕೇಳಿಸಿತು. ಸಿಕ್ಕಿದ್ದನ್ನು ಹೊಲಿದು ಮುಚ್ಚಿದವನು ತಾನೇ, ಒಳಗಿಟ್ಟು ಹೊಲಿದವನೂ ತಾನೇ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಭಾವನನ್ನು ಬಿಡಿಸಲು ಹೋಗಿ ಅವರ ಜೊತೆಗೆ ತಾನೂ ಬೆಂಚಿನ ಮೇಲೆ ಕೂರುವ ಹಾಗಾಯಿತಲ್ಲ ಎಂದುಕೊಂಡ.

ಆಗ ಹೆಂಡತಿ ಮುಂದೆ ಬಂದು ಕೈಗಳ ಕತೆ ಹೇಳಿದಳು. ಆಸ್ಪತ್ರೆಯ ಬೆಂಚು, ಮುದುಕರ ಶಾಲು ಎಲ್ಲ ಹೇಳಿದಳು. ಇನ್ಸ್‌ಪೆಕ್ಟರ್ ನಂಬಿದ ಹಾಗೆ ಕಾಣಲಿಲ್ಲ. ಆದರೆ ಹೊಲಿಗೆಯ ನಡುವೆ ಸಿಕ್ಕಿಕೊಂಡ ಕ್ಯಾನ್ವಾಸ್ ತುಂಡನ್ನು ನೋಡಿದಳು, ದಬ್ಬಳನ ಏಪ್ರನ್ನಿನ ಕತ್ತರಿಸಿದ ಮೂಲೆ ನೋಡಿದಳು, ಮತ್ತೆ ತುಂಡು ನೋಡಿದಳು. ಬಚ್ಚಿಡುವವನು ತನ್ನನ್ನೂ ಸೇರಿಸಿ ಹೊಲಿದುಕೊಳ್ಳುವುದಿಲ್ಲ ಎಂದು ಅನ್ನಿಸಿರಬೇಕು. ತುಟಿಯ ಅಂಚಿನಲ್ಲಿ ನಗು ಬಂದು ಹೋಯಿತು.

ಫೋಟೋ ತೆಗೆದರು. ಕೈಗವಸು ಹಾಕಿಕೊಂಡು ಹೊಲಿಗೆ ಬಿಚ್ಚಿದಳು. ರಿವಾಲ್ವರನ್ನು ಮೆಲ್ಲಗೆ ಎತ್ತಿ, ನಳಿಗೆಯನ್ನು ಬಟ್ಟೆಯ ಸುರುಳಿಗಳ ಹಿಂದಿನ ಗೋಡೆಯ ಕಡೆ ತಿರುಗಿಸಿ, ಗುಂಡಿನ ಗಾಲಿ ತೆರೆಯಲು ಹೋದರೆ ತುಕ್ಕು ಹಿಡಿದು ಅದು ಜಪ್ಪಯ್ಯ ಎನ್ನಲಿಲ್ಲ. ಬಹಳ ಹೊತ್ತು ಹೆಣಗಿದ ಮೇಲೆ ತೆರೆಯಿತು. ಎಲ್ಲ ಗುಂಡುಗಳೂ ಹಾಗೇ ಇದ್ದವು. ಹೆಂಡತಿ ಗೋಡೆ ಹಿಡಿದುಕೊಂಡಳು. ಪೇದೆ ಅದರ ಮೈಮೇಲಿನ ನಂಬರನ್ನು ಠಾಣೆಗೆ ಫೋನು ಮಾಡಿ ಓದಿದ. ಅತ್ತಲಿಂದ ಅದೇ ಎಂದರು.

ಇನ್ಸ್‌ಪೆಕ್ಟರ್ ಇನ್ನೂ ಸೋಫಾದ ಒಳಗೇ ಇಣುಕುತ್ತಿದ್ದಳು. ರಿವಾಲ್ವರ್ ಇದ್ದ ಜಾಗದಲ್ಲಿ ಗೋಣಿಬಟ್ಟೆಯ ಮೇಲೆ ಅದರದೇ ಅಚ್ಚು ಬಿದ್ದಿತ್ತು. ಹಿಡಿ, ಉಂಗುರ, ನಳಿಗೆ, ಎಲ್ಲ ತುಕ್ಕಿನ ಕಂದು ಬಣ್ಣದಲ್ಲಿ, ಬರೆದಿಟ್ಟ ಹಾಗೆ. ಅವಳು ಪೇದೆಯನ್ನು ಕರೆದು ತೋರಿಸಿದಳು, ಮತ್ತೆ ಫೋಟೋ ತೆಗೆಸಿದಳು.

"ಇದು ನಿನ್ನೆ ಮೊನ್ನೆ ಇಟ್ಟಿದ್ದಲ್ಲ. ಕಳೆದು ಹೋದಾಗಿಂದ ಇಲ್ಲೇ ಬಿದ್ದಿದೆ," ಎಂದಳು.

ದಬ್ಬಳನಿಗೆ ಹೋದ ಜೀವ ಬಂದಂತಾಯಿತು. ಫೋಮಿನ ರಾಶಿಯ ಮೇಲೆ ಕೂತುಬಿಟ್ಟ. ಇನ್ಸ್‌ಪೆಕ್ಟರ್ ಅವನ ಕಡೆ ತಿರುಗಿ, ಇಂಥದ್ದು ಸಿಕ್ಕರೆ ಮುಟ್ಟಬೇಡಿ, ಎತ್ತಬೇಡಿ, ಇದ್ದ ಹಾಗೇ ಬಿಟ್ಟು ಫೋನು ಮಾಡಿ ಎಂದು ಜನರಿಗೆ ಹೇಳುತ್ತಿರುತ್ತೇವೆ, ಹೊಲಿಯಬೇಡಿ ಎಂದು ಇದುವರೆಗೆ ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ, ಇನ್ನು ಮೇಲೆ ಅದನ್ನೂ ಸೇರಿಸುತ್ತೇವೆ ಎಂದಳು. ಪೇದೆ ಜೋರಾಗಿ ನಕ್ಕ. ದಬ್ಬಳನೂ ನಕ್ಕ, ಆದರೆ ಕಣ್ಣಲ್ಲಿ ನೀರಿತ್ತು.

ಆಮೇಲೆ ಅವಳು ಭಾವನನ್ನು ಕರೆಸಿದಳು.

ಭಾವ ಗುಜರಿ ಅಂಗಡಿಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಜೀಪು ನೋಡಿದವರೇ ಅಭ್ಯಾಸಬಲದಿಂದ ನೇರವಾಗಿ ಹಿಂದಿನ ಸೀಟು ಹತ್ತಲು ಹೋದರು. ಪೇದೆ ಕರೆದು ಅಂಗಡಿಯೊಳಗೆ ಕಳಿಸಬೇಕಾಯಿತು. ಅವರ ಬೆನ್ನಿಗೇ ಅಕ್ಕನೂ ಬಂದಳು. ತಮ್ಮನ ಅಂಗಡಿಯ ಮುಂದೆ ಪೊಲೀಸರು ಎಂದು ಯಾರೋ ಹೇಳಿದ್ದರು. ಅವಳು ಬೋರಲು ಬಿದ್ದ ಸೋಫಾ ನೋಡಿದಳು, ಅದರ ಚೌಕಟ್ಟಿನ ಮೇಲಿನ ಗಿರಣಿಯ ಗುರುತು ನೋಡಿದಳು, ತಮ್ಮನನ್ನು ನುಂಗುವ ಹಾಗೆ ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಮೇಲೆ, ಬಿಳಿ ಬಟ್ಟೆಯ ಮೇಲೆ ಇಟ್ಟಿದ್ದು ಕಣ್ಣಿಗೆ ಬಿತ್ತು. ತೆರೆದ ಬಾಯಿ ತೆರೆದ ಹಾಗೇ ಉಳಿಯಿತು.

ಭಾವ ಅದನ್ನು ನೋಡುತ್ತಲೇ ನಿಂತರು. ಮುಟ್ಟಲಿಲ್ಲ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು.

ಇನ್ಸ್‌ಪೆಕ್ಟರ್ ಹೇಳಬೇಕಾದದ್ದನ್ನು ಹೇಳಿದಳು. ರಿವಾಲ್ವರ್ ಸಿಕ್ಕಿದೆ, ಗುಂಡುಗಳೆಲ್ಲ ಇವೆ, ಯಾರೂ ಮಾರಿಲ್ಲ, ಬಳಸಿಲ್ಲ. ಆದರೆ ಒಂದು ವಿಷಯ ಉಳಿಯುತ್ತದೆ. ಅಂದಿನ ನಿಮ್ಮ ಹೇಳಿಕೆಯಲ್ಲಿ ರಾತ್ರಿಯಿಡೀ ಗೇಟು ಬಿಟ್ಟು ಕದಲಿಲ್ಲ ಎಂದಿದ್ದೀರಿ. ಗೇಟು ಬಿಟ್ಟು ಕದಲದವರ ಸೊಂಟದಲ್ಲಿದ್ದದ್ದು ಕಾಯುವ ಕೋಣೆಯ ಸೋಫಾದೊಳಗೆ ಹೇಗೆ ಬಂತು? ಕದ್ದವನೇ ಅಲ್ಲಿ ಅಡಗಿಸಿಟ್ಟ ಎಂದು ಗಿರಣಿಯವರು ನಾಳೆ ಹೇಳಬಹುದು. ನಿಮಗೆ ಗೊತ್ತಿದ್ದರೆ ಈಗಲೇ ಹೇಳಿಬಿಡಿ.

ದಬ್ಬಳ ಭಾವನ ಮುಖವನ್ನೇ ನೋಡುತ್ತಿದ್ದ. ಅವರು ಇನ್ಸ್‌ಪೆಕ್ಟರ್ ಕಡೆ ನೋಡಲಿಲ್ಲ, ಪೇದೆಯ ಕಡೆ ನೋಡಲಿಲ್ಲ. ಅಕ್ಕನ ಕಡೆ ಒಂದು ಸಲ ನೋಡಿ ನೆಲ ನೋಡಿದರು. ಅವರು ಹೆದರಿದ್ದು ಅಕ್ಕನಿಗೆ ಎಂದು ದಬ್ಬಳನಿಗೆ ಆಗ ಹೊಳೆಯಿತು.

"ಮಲಗಿದ್ದೆ," ಎಂದರು ಭಾವ.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ ಎಂದಳು ಇನ್ಸ್‌ಪೆಕ್ಟರ್.

"ಆ ಸೋಫಾದ ಮೇಲೆ ಮಲಗಿದ್ದೆ, ಮೇಡಂ. ಅವತ್ತೊಂದಿನ ಅಲ್ಲ. ದಿನಾ ಮಲಗ್ತಿದ್ದೆ."

ಒಮ್ಮೆ ಬಾಯಿಬಿಟ್ಟ ಮೇಲೆ ಮಿಕ್ಕಿದ್ದೆಲ್ಲ ತಾನಾಗಿಯೇ ಬಂತು. ನಡುರಾತ್ರಿ ಕೊನೆಯ ಲಾರಿ ಹೋದ ಮೇಲೆ ಗೇಟಿಗೆ ಬೀಗ ಹಾಕಿ, ಕಾಯುವ ಕೋಣೆಗೆ ಹೋಗಿ ಸ್ವಲ್ಪ ಅಡ್ಡಾಗುತ್ತಿದ್ದರು. ಸೊಂಟದ ಚೀಲದ ಗುಂಡಿ ಕಿತ್ತುಹೋಗಿತ್ತು. ಬೆಳಿಗ್ಗೆ ಎದ್ದಾಗ ರಿವಾಲ್ವರ್ ಇರಲಿಲ್ಲ. ಸಂದಿಯಲ್ಲೆಲ್ಲ ಕೈ ಹಾಕಿ ಹುಡುಕಿದ್ದರು, ಸಿಕ್ಕಿರಲಿಲ್ಲ. ಅದು ಒಳಗಿನ ಹರುಕಿನಲ್ಲಿ ಜಾರಿ ಇನ್ನೂ ಕೆಳಗೆ ಹೋಗಿರಬಹುದು, ಸೋಫಾ ಬಿಚ್ಚಿ ನೋಡಿ ಎನ್ನಬೇಕಾದರೆ ಅಲ್ಲಿ ಮಲಗಿದ್ದೆ ಎನ್ನಬೇಕು. ಮಲಗಿದವನನ್ನು ಆ ಗಿರಣಿ ಮರುದಿನ ಇಟ್ಟುಕೊಳ್ಳುವುದಿಲ್ಲ. ಇಂದು ಸುಮ್ಮನಿದ್ದು ನಾಳೆ ಒಬ್ಬನೇ ಹೋಗಿ ನೋಡಿಬಿಡೋಣ ಎಂದುಕೊಂಡರು. ಆದರೆ ಆ ನಾಳೆಯಿಂದ ಅವರನ್ನು ಗೇಟಿನೊಳಗೇ ಬಿಡಲಿಲ್ಲ. ಅಷ್ಟರಲ್ಲಿ ಮನೆಯಾಕೆ, ನನ್ನ ಗಂಡ ಎವೆ ಮುಚ್ಚಿದವರಲ್ಲ ಎಂದು ಊರಿಗೆಲ್ಲ ಸಾರಿಯಾಗಿತ್ತು. ಆಮೇಲೆ ಯಾವ ಬಾಯಲ್ಲಿ ಹೇಳುವುದು?

ದಬ್ಬಳ ಅಕ್ಕನ ಕಡೆ ನೋಡಿದ. ಈಗ ಸಿಡಿಲು ಬಡಿಯುತ್ತದೆ ಎಂದುಕೊಂಡ. ಹಾಲಿನ ಅಂಗಡಿಯ ಮುಂದೆ, ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ ಅವಳು ಇಳಿಸಿದ ನೀರೆಲ್ಲ ಈಗ ಒಟ್ಟಿಗೆ ಭಾವನ ಮೇಲೆ ಬೀಳುತ್ತದೆ. ಅಕ್ಕ ಎರಡು ಹೆಜ್ಜೆ ಮುಂದೆ ಬಂದಳು. ಕೈ ಗಲ್ಲದ ಮೇಲಿತ್ತು.

"ಬರೀ ನಿದ್ದೇನಾ?" ಎಂದಳು.

ಭಾವ ಹೌದೆಂದು ತಲೆ ಆಡಿಸಿದರು.

"ಬರೀ ನಿದ್ದೆ ಮಾಡಿದ್ದಾ ನೀವು? ಇನ್ನೇನೂ ಇಲ್ವಾ?"

"ಇನ್ನೇನು ಇರುತ್ತೆ," ಎಂದರು ಭಾವ.

ಅಕ್ಕ ಹಾಗೇ ನೆಲದ ಮೇಲೆ, ಸ್ಪ್ರಿಂಗು ಮೊಳೆಗಳ ನಡುವೆ, ಕೂತುಬಿಟ್ಟಳು. ದಬ್ಬಳನ ಹೆಂಡತಿ ಓಡಿಹೋಗಿ ಹಿಡಿದುಕೊಂಡಳು. ಅಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟ, ಎರಡೂ ಒಂದೇ ಸದ್ದಿನಲ್ಲಿ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು ಗಂಡನ ಕಡೆ ನೋಡಿ ಹೇಳಿದಳು:

"ನೀವು ಮಾರಿದ್ರಿ ಅಂತ್ಲೇ ಅಂದ್ಕೊಂಡಿದ್ದೆ ಕಣ್ರೀ. ಮೊದಲನೇ ದಿನದಿಂದ."

ದಬ್ಬಳನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಇಡೀ ಊರಿನ ಜೊತೆ ಜಗಳವಾಡಿದವಳು ಇವಳೇ, ಗಂಡನ ಪರವಾಗಿ ಒಂದು ಮಾತು ಬಿಟ್ಟುಕೊಡದವಳು ಇವಳೇ. ತಾನೂ ಅದನ್ನೇ ಅಂದುಕೊಂಡಿದ್ದೆ ಎಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ, ಪೇದೆಗೆ ಕಣ್ಸನ್ನೆ ಮಾಡಿದಳು. ರಿವಾಲ್ವರನ್ನು ಬಟ್ಟೆಯ ಸಮೇತ ಎತ್ತಿಕೊಂಡು ಇಬ್ಬರೂ ಹೊರಗಿನ ಜೀಪಿನ ಕಡೆ ನಡೆದರು.

ಭಾವ ನಿಧಾನವಾಗಿ ಬಂದು ಅಕ್ಕನ ಎದುರು ಕುಕ್ಕರುಗಾಲಿನಲ್ಲಿ ಕೂತರು. ಎಷ್ಟೋ ಕಾಲದ ಮೇಲೆ ಅವರು ಒಬ್ಬರ ಮುಖವನ್ನು ನೇರವಾಗಿ ನೋಡಿದ್ದು.

"ಕಳ್ಳ ಅಂದ್ಕೊಂಡೂ ನನ್ನ ಪರವಾಗಿ ಜಗಳ ಆಡ್ದೆಯಾ?" ಎಂದು ಕೇಳಿದರು.

"ಮತ್ತೆ? ಕಳ್ಳ ಆದ್ರೆ ನನ್ನ ಗಂಡ ಅಲ್ಲ ಅಂತ ಆಗುತ್ತಾ?" ಎಂದಳು ಅಕ್ಕ. ಮೂಗು ಸೆರಗಿನಲ್ಲಿ ಒರೆಸಿಕೊಂಡು, "ಏಳಿ, ಕೈ ಕೊಡಿ. ಮೊಳೆ ಚುಚ್ತಾ ಇದೆ," ಎಂದಳು.

ಭಾವ ಎದ್ದು ಎರಡೂ ಕೈ ನೀಡಿದರು.